ಗುಡ್ಡಕ್ಕೆ ಬೆನ್ನು ಹಾಕಿ ಕೂತ ಹೋಟೆಲು

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ನನ್ನ ಭಾವನವರದೊಂದು ಹೋಟೆಲಿದೆ. ಹಿಂದುಗಡೆ ಗದ್ದೆ ಬಯಲು, ಅದರ ಅಂಚಿಗೆ ಅಡಿಕೆ ತೋಟ, ತೋಟದ ಆಚೆ ಹಳ್ಳ, ಹಳ್ಳದ ಆಚೆ ಮಳೆಗಾಲವಿಡೀ ಅರ್ಧಕ್ಕೆ ಮೋಡ ಹೊದ್ದುಕೊಂಡಿರುವ ಗುಡ್ಡ. ಇಷ್ಟೆಲ್ಲ ಇದ್ದೂ ಮೂರು ವರ್ಷಗಳಿಂದ ವ್ಯಾಪಾರ ಇಳಿಯುತ್ತಲೇ ಇದೆ. ಶಿವಮೊಗ್ಗದಲ್ಲಿ ನಾಲ್ಕಾರು ಅಂಗಡಿಗಳ ಲೆಕ್ಕಪತ್ರ ಬರೆದು ಬದುಕುವ ನನ್ನನ್ನು ಭಾವ ಜುಲೈ ತಿಂಗಳಲ್ಲಿ ಕರೆಸಿಕೊಂಡು, "ಊರವರ ಲೆಕ್ಕವನ್ನೆಲ್ಲ ನೋಡ್ತೀಯಲ್ಲ ಮಾರಾಯ, ನಂದೂ ಒಂದ್ಸಲ ನೋಡು" ಎಂದರು. ಎರಡು ವಾರ ಅಲ್ಲಿಯೇ ಉಳಿದು, ಗಲ್ಲಾದ ಪಕ್ಕ ಕೂತು, ಬಂದವರು ಏನು ತಿಂದರು, ಏನನ್ನು ಕೇಳಿ ಸಿಗದೆ ಎದ್ದು ಹೋದರು, ಎಷ್ಟು ಹೊತ್ತು ಕಾದರು ಎಂಬುದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಈ ಬರಹ ಆ ನೋಟ್‌ಬುಕ್ಕಿನಿಂದ ಹುಟ್ಟಿದ್ದು.

ಮೊದಲ ದಿನವೇ ಕಣ್ಣಿಗೆ ಹೊಡೆದದ್ದು ಕಟ್ಟಡದ ಮುಖ. ಊಟದ ಹಾಲ್ ರಸ್ತೆಯ ಕಡೆಗಿದೆ. ಅಡುಗೆಮನೆ, ಉಗ್ರಾಣ, ಪಾತ್ರೆ ತೊಳೆಯುವ ಜಾಗ ಮೂರೂ ಗುಡ್ಡದ ಕಡೆಗಿವೆ. ಅಂದರೆ ಬೆಂಗಳೂರಿನಿಂದ 300 ಕಿಲೋಮೀಟರಿಗೂ ಹೆಚ್ಚು ದೂರ ಕಾರು ಓಡಿಸಿಕೊಂಡು ಬಂದ ಗಿರಾಕಿ ಎದುರಿನ ಪಂಕ್ಚರ್ ಅಂಗಡಿಯ ಹಳೆ ಟೈರುಗಳನ್ನು ನೋಡುತ್ತ ಉಣ್ಣುತ್ತಾನೆ. ಗುಡ್ಡವನ್ನು ದಿನವಿಡೀ ನೋಡುವ ಭಾಗ್ಯ ಪಾತ್ರೆ ತೊಳೆಯುವ ಹೆಂಗಸಿನದು, ಆಕೆಗೋ ತಲೆ ಎತ್ತಲು ಪುರುಸೊತ್ತಿಲ್ಲ. ಇದು ಯಾರ ತಪ್ಪೂ ಅಲ್ಲ. ಭಾವನವರ ತಂದೆ ಈ ಹೋಟೆಲು ಕಟ್ಟಿಸಿದ ಕಾಲದಲ್ಲಿ ಗಿರಾಕಿಗಳೆಂದರೆ ಬಸ್ಸಿನವರು. ಕೈಯಲ್ಲಿ ಚಹಾ ಲೋಟ ಹಿಡಿದವನಿಗೆ ಬಸ್ಸು ಹೊರಟಿತೋ ಇಲ್ಲವೋ ಎಂಬುದು ಕಾಣಬೇಕಿತ್ತು. ಗುಡ್ಡವನ್ನು ಅವನು ತನ್ನ ಮನೆಯ ಅಂಗಳದಿಂದಲೇ ನೋಡುತ್ತಿದ್ದ. ಗಿರಾಕಿ ಬದಲಾದರೂ ಕಟ್ಟಡ ತಿರುಗಿ ಕೂರಲಿಲ್ಲ.

ಆದ್ದರಿಂದ ನನ್ನ ಮೊದಲ ಸಲಹೆ, ಉಗ್ರಾಣವನ್ನು ರಸ್ತೆಯ ಬದಿಯ ಕೋಣೆಗೆ ಸಾಗಿಸಿ, ಅದು ಈಗಿರುವ ಕೋಣೆಯ ಹಿಂಗೋಡೆಯನ್ನು ಒಡೆದು, ಗದ್ದೆಯ ಕಡೆಗೆ ಉದ್ದನೆಯ ಜಗಲಿಯನ್ನು ಇಳಿಸಬೇಕೆಂಬುದು. ಎಂಟು ಮೇಜು ಹಿಡಿದರೆ ಸಾಕು. ಆದರೆ ಅದಕ್ಕೆ ತಗಡಿನ ಶೀಟು ಹೊದಿಸಬಾರದು ಎಂಬುದರಲ್ಲಿ ನಾನು ಹಟ ಹಿಡಿದೆ. ಆಗುಂಬೆಯ ಸುತ್ತಿನಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಮುಗಿಯುತ್ತದೆ. ಆ ಮಳೆ ಶೀಟಿನ ಮೇಲೆ ಸುರಿಯುವಾಗ ಎದುರು ಕೂತವರ ಮಾತು ಕೇಳಿಸುವುದಿಲ್ಲ. ಸಪ್ಲೈಯರ್ ಹುಡುಗ ಎರಡು ಸಲ ಕೂಗಿ ಕೇಳಿದರೂ ನೀರುದೋಸೆಯ ಬದಲು ಸೆಟ್ ದೋಸೆ ತಂದಿಡುತ್ತಾನೆ. ಮಂಗಳೂರು ಹೆಂಚಿನ ಮಾಡನ್ನು ಚೆನ್ನಾಗಿ ಇಳಿಜಾರಾಗಿ ಕೆಳಗಿನವರೆಗೆ ಇಳಿಸಿದರೆ ಸದ್ದೂ ಹದವಾಗಿರುತ್ತದೆ, ಇರಚಲೂ ಒಳಗೆ ಬರುವುದಿಲ್ಲ. ಗಾಳಿಯಿರುವ ದಿನಗಳಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿ, ಮಳೆ ನಿಂತೊಡನೆ ಎತ್ತಿಡಬಹುದು. ನಮ್ಮ ಹಳೆಯ ಮನೆಗಳೆಲ್ಲ ಮಾಡಿದ್ದು ಇದನ್ನೇ. ಇದಕ್ಕಾಗಿ ಯಾವ ವಿನ್ಯಾಸಕಾರನನ್ನೂ ಕರೆಸುವ ಅಗತ್ಯವಿಲ್ಲ.

ಎರಡನೆಯ ಜಗಳ ಮೆನು ಕಾರ್ಡಿನದು. ಪ್ಲಾಸ್ಟಿಕ್ ಹೊದಿಸಿದ ನಾಲ್ಕು ಪುಟದ ಆ ಕಾರ್ಡಿನಲ್ಲಿ ಎಣಿಸಿದರೆ 92 ಬಗೆಗಳಿದ್ದವು. ನಾನು ಅಲ್ಲಿದ್ದ ಎರಡು ವಾರದಲ್ಲಿ ಅವುಗಳಲ್ಲಿ 31ನ್ನು ಒಬ್ಬರೂ ಕೇಳಲಿಲ್ಲ. ಕೇಳಲಿ ಬಿಡಲಿ, ಅವುಗಳಿಗಾಗಿ ಪನೀರು, ಅಣಬೆ, ಕ್ಯಾಪ್ಸಿಕಂ ತೀರ್ಥಹಳ್ಳಿಯಿಂದ ಬರಬೇಕು, ಫ್ರಿಜ್ಜಿನಲ್ಲಿ ಕೂರಬೇಕು; ಗಾಳಿಗೆ ಮರ ಬಿದ್ದು ಎರಡು ದಿನ ಕರೆಂಟ್ ಹೋದರೆ ಗೊಬ್ಬರದ ಗುಂಡಿಗೆ ಹೋಗಬೇಕು. ಹಾಗೆ ಒಂದೇ ವಾರದಲ್ಲಿ ಎಸೆದ ಸಾಮಾನಿನ ಬೆಲೆಯನ್ನು ಬರೆದು ತೋರಿಸಿದಾಗ ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಲ್ಲ, ಗೋಬಿ ಮಂಚೂರಿ ತೆಗೆದ್ರೆ ಕಾಲೇಜ್ ಹುಡುಗ್ರು ಬರ್ತಾರೇನೋ?" ಎಂದು ಕೇಳಿದರು. ನಿಜ ಹೇಳಬೇಕೆಂದರೆ ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಆದರೆ ಅದೇ ಎರಡು ವಾರದಲ್ಲಿ "ಇಲ್ಲಿಯ ಅಡುಗೆ ಏನಾದರೂ ಸಿಗುತ್ತದೆಯೇ" ಎಂದು ಕೇಳಿದವರನ್ನು ನಾನು ಗೆರೆ ಎಳೆದು ಎಣಿಸಿದ್ದೆ, 47 ಮಂದಿ. ಅವರಿಗೆ ಕೊಡಲು ಕಾರ್ಡಿನಲ್ಲಿ ಏನೂ ಇರಲಿಲ್ಲ. ವಿಚಿತ್ರವೆಂದರೆ ಆ ಹೊತ್ತಿನಲ್ಲೇ ಒಳಗೆ ಅಕ್ಕ ಮನೆಯವರಿಗೆಂದು ಅಕ್ಕಿರೊಟ್ಟಿ ಸುಡುತ್ತಿದ್ದಳು. ಕುದಿಯುವ ನೀರಿಗೆ ಹಿಟ್ಟು ಸುರಿದು ಉಕ್ಕರಿಸಿ, ಬಿಸಿಯಿರುವಾಗಲೇ ಕೈಗೆ ನೀರು ಮುಟ್ಟಿಸಿಕೊಳ್ಳುತ್ತ ನಾದಿ, ತೆಳ್ಳಗೆ ತಟ್ಟಿ, ಕಾವಲಿಯ ಮೇಲೆ ಎರಡೂ ಮಗ್ಗುಲು ಬಾಡಿಸಿದ ಮೇಲೆ ರೊಟ್ಟಿಯನ್ನು ಕೆಂಡದ ಮೇಲೆ ಹಾಕುತ್ತಾಳೆ. ಅದು ಒಂದು ಅಂಚಿನಿಂದ ನಿಧಾನವಾಗಿ ಎದ್ದು, ನಡುವಿಗೆ ಬಂದು, ಇದ್ದಕ್ಕಿದ್ದಂತೆ ಚೆಂಡಿನ ಹಾಗೆ ಉಬ್ಬುತ್ತದೆ; ಎಲ್ಲೋ ಒಂದು ಕಡೆ ಸೂಜಿಮೊನೆಯಷ್ಟು ತೂತಾದರೆ ಉಸ್ಸೆಂದು ಹಬೆ ಬಿಟ್ಟು ಮಲಗಿಬಿಡುತ್ತದೆ. ಮಲಗಿದ ರೊಟ್ಟಿಯನ್ನು ಅಕ್ಕ ತನಗೆಂದು ಬದಿಗಿಡುತ್ತಾಳೆ. ಅಡುಗೆಮನೆಗೂ ಜಗಲಿಗೂ ನಡುವೆ ಅರ್ಧ ಗೋಡೆಯನ್ನಷ್ಟೇ ಬಿಟ್ಟು ಆ ಒಲೆ ಕಾಣುವಂತೆ ಮಾಡಿದರೆ, ರೊಟ್ಟಿ ಬರಲು ಹಿಡಿಯುವ ಕಾಲು ಗಂಟೆ ಗಿರಾಕಿಗೆ ಬೇಸರವಾಗುವುದಿಲ್ಲ ಎಂಬುದು ನನ್ನ ಲೆಕ್ಕ. ಒಲೆ ಕಾಣದಿದ್ದರೆ ಅದೇ ಕಾಲು ಗಂಟೆಗೆ ಅವನು ಮೂರು ಸಲ ಗಡಿಯಾರ ನೋಡುತ್ತಾನೆ.

ಹೀಗೆ ನಾವು ಬರೆದುಕೊಂಡ ಹೊಸ ಪಟ್ಟಿಯಲ್ಲಿ ಹನ್ನೆರಡೇ ಬಗೆಗಳಿವೆ, ಅವೂ ತಿಂಗಳಿಗೆ ತಕ್ಕಂತೆ ಬದಲಾಗುತ್ತವೆ. ಅಕ್ಕಿರೊಟ್ಟಿ, ಕಡುಬು, ನೀರುದೋಸೆ, ಅನ್ನ, ಒಂದು ತಂಬುಳಿ, ಮಿಡಿ ಉಪ್ಪಿನಕಾಯಿ ಯಾವಾಗಲೂ ಇರತಕ್ಕವು. ಹಲಸಿನ ಹಣ್ಣಿನ ಕಾಲದಲ್ಲಿ ಸಾಗುವಾನಿ ಎಲೆಯಲ್ಲಿ ಕಟ್ಟಿ ಬೇಯಿಸಿದ ಕಡುಬು. ಎಲೆಯ ಕೆಂಪು ಬಣ್ಣ ಕಡುಬಿಗೂ ಹತ್ತಿಕೊಳ್ಳುತ್ತದೆ, ಮೊದಲ ಸಲ ನೋಡಿದವರು ಏನು ಬಣ್ಣ ಹಾಕಿದ್ದೀರಿ ಎಂದು ಕೇಳದೆ ಬಿಡುವುದಿಲ್ಲ. ಮಳೆ ಹಿಡಿದ ಮೇಲೆ ಪತ್ರೊಡೆ ಮತ್ತು ಕಳಲೆ, ಅಂದರೆ ಎಳೆ ಬಿದಿರಿನ ಮೊಳಕೆ. ಕಳಲೆಯ ವಿಷಯದಲ್ಲಿ ಮಾತ್ರ ಅವಸರ ಸಲ್ಲದು. ಹಸಿ ಕಳಲೆಯಲ್ಲಿ ಸಯನೈಡಿನ ಅಂಶವಿರುವುದರಿಂದ ಹೆಚ್ಚಿ ಮೂರು ದಿನ ನೀರಿನಲ್ಲಿ ನೆನೆಹಾಕಿ, ದಿನವೂ ನೀರು ಚೆಲ್ಲಿ ಬದಲಿಸಿ, ಆಮೇಲೆ ಬೇಯಿಸಬೇಕು. ಕಾಡಿನಿಂದ ಕಳಲೆ ಕಿತ್ತು ತರುವವರಿಂದ ಕೊಳ್ಳಬಾರದು, ಅಕ್ಕಪಕ್ಕದವರ ಹಿತ್ತಲ ಮೆಳೆಯದೇ ಆಗಬೇಕೆಂದೂ ತೀರ್ಮಾನಿಸಿದೆವು. ಭಾನುವಾರ ಕಡುಬಿನ ಜೊತೆ ಕೋಳಿ ಸಾರು ಇಡುವುದೋ ಬೇಡವೋ ಎಂಬ ಚರ್ಚೆಯಲ್ಲಿ ನಾನು ತಲೆ ಹಾಕಲಿಲ್ಲ. ಅಕ್ಕ ಇಡೋಣ ಎನ್ನುತ್ತಾಳೆ, ಭಾವನವರು ಬೇಡ ಎನ್ನುತ್ತಾರೆ.

ಪಟ್ಟಿ ಚಿಕ್ಕದಾದರೂ ಹಳ್ಳಿಯ ಹೋಟೆಲಿನ ನಿಜವಾದ ಕಷ್ಟ ಬೇರೆಯೇ ಇದೆ: ನಾಳೆ ಎಷ್ಟು ಜನ ಬರುತ್ತಾರೆಂಬುದು ದೇವರಿಗೂ ತಿಳಿಯದು. ಸೋಮವಾರದಿಂದ ಗುರುವಾರದವರೆಗೆ ಮಧ್ಯಾಹ್ನ 25 ಊಟ ಹೋದರೆ ಹೆಚ್ಚು. ನಾನಿದ್ದ ಎರಡನೆಯ ಭಾನುವಾರ ಒಂದೂವರೆಯ ಹೊತ್ತಿಗೆ ಅನ್ನ ಖಾಲಿಯಾಗಿ, ಎರಡನೆಯ ಹಂಡೆ ಬೇಯುವಷ್ಟರಲ್ಲಿ ಮೂರು ಕಾರುಗಳು ತಿರುಗಿ ಹೋದವು. ಇದಕ್ಕೆ ನನಗೆ ಕಂಡ ದಾರಿ, ರೊಟ್ಟಿ, ಕಡುಬುಗಳಂಥ ಕೆಲಸದ ಅಡುಗೆಯನ್ನು ಹಿಂದಿನ ರಾತ್ರಿಯೋ ಬೆಳಗ್ಗೆ ಹತ್ತರೊಳಗೋ ಫೋನಿನಲ್ಲಿ ಹೇಳಿದವರಿಗೆ ಖಂಡಿತ ಎಂದು ಮಾತು ಕೊಡುವುದು, ಹೇಳದೆ ಬಂದವರಿಗೆ ಇದ್ದುದನ್ನು ಕೊಡುವುದು. ನೆಟ್‌ವರ್ಕ್ ಅಂಗಳದ ಒಂದು ಮೂಲೆಯಲ್ಲಿ ಮಾತ್ರ ಸಿಗುವ ಊರಿದು. ಹಾಗಾಗಿ ಹೋಟೆಲಿನ ಮೊಬೈಲು ಭಾವನವರ ಜೇಬಿನಲ್ಲಿರದೆ ಆ ಮೂಲೆಯ ಗೂಡಿನಲ್ಲಿರಬೇಕು, ವಾಟ್ಸಾಪ್ ಸಂದೇಶಕ್ಕೆ ಅಕ್ಕನ ಮಗಳು ಉತ್ತರ ಬರೆಯಬೇಕು ಎಂದು ಗೊತ್ತುಮಾಡಿದೆವು. ಗೂಗಲ್ ಮ್ಯಾಪಿನಲ್ಲಿ ಹೋಟೆಲಿನ ವೇಳೆಯನ್ನು ಯಾರೋ ತಪ್ಪಾಗಿ ಹಾಕಿದ್ದರು. ಭಾನುವಾರ ರಜೆ ಎಂದಿತ್ತು! ಅದನ್ನು ಸರಿಪಡಿಸಲು ಒಂದು ಪೈಸೆಯೂ ಖರ್ಚಾಗಲಿಲ್ಲ.

ವೇಳೆಯ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ಮಳೆ ಹೋಗಿ ಆಕಾಶ ತಿಳಿಯಾದ ತಿಂಗಳುಗಳಲ್ಲಿ ಆಗುಂಬೆಯ ಸೂರ್ಯಾಸ್ತ ನೋಡಲು ಹೋಗುವವರು ಸಂಜೆ ನಾಲ್ಕರಿಂದ ಐದರೊಳಗೆ ಹೋಟೆಲಿನ ಮುಂದೆ ಹಾದುಹೋಗುತ್ತಾರೆ, ಕತ್ತಲಾದ ಮೇಲೆ ಏಳರ ಆಸುಪಾಸಿನಲ್ಲಿ ಹಸಿದುಕೊಂಡು ತಿರುಗಿ ಬರುತ್ತಾರೆ. ಭಾವನವರು ಆರೂವರೆಗೆ ಬಾಗಿಲು ಹಾಕುತ್ತಾರೆ, ಏಕೆಂದರೆ ಅವರ ತಂದೆಯವರು ಹಾಗೆ ಹಾಕುತ್ತಿದ್ದರು. ಹೋಗುವಾಗಲೇ ಚಹಾ ಕುಡಿಸಿ, ಬರುವಾಗ ಏನು ಬೇಕೆಂದು ಕೇಳಿ ಬರೆದುಕೊಂಡರೆ, ರಾತ್ರಿಯ ಅಡುಗೆಗೆ ಎಷ್ಟು ಜನ ಎಂಬ ಲೆಕ್ಕ ಎರಡು ಗಂಟೆ ಮೊದಲೇ ಕೈಗೆ ಸಿಗುತ್ತದೆ. ರಾತ್ರಿ ಗುಡ್ಡ ಕಾಣುವುದಿಲ್ಲ, ಆದರೆ ಗದ್ದೆಯ ಕಪ್ಪೆಗಳ ಸದ್ದು ಮಳೆಗಾಲ ಮುಗಿಯುವವರೆಗೆ ಇದ್ದೇ ಇರುತ್ತದೆ. ಹಾಗಾಗಿ ಜಗಲಿಯಲ್ಲಿ ಹಾಡು ಹಾಕುವ ಸ್ಪೀಕರ್ ಬೇಡ.

ಶೌಚಾಲಯದ ಬಗ್ಗೆ ಬರೆಯಲು ಸಂಕೋಚಪಡುವವನು ಹೋಟೆಲಿನ ಬಗ್ಗೆ ಬರೆಯಲೇಬಾರದು. ಕುಟುಂಬದೊಡನೆ ಕಾರಿನಲ್ಲಿ ಬರುವವರು ಎಲ್ಲಿ ನಿಲ್ಲಬೇಕೆಂಬುದನ್ನು ನಿರ್ಧರಿಸುವವರು ಹೆಚ್ಚಾಗಿ ಹೆಂಗಸರು, ಅವರು ಮೊದಲು ಕೇಳುವುದು ಊಟವನ್ನಲ್ಲ. ಒಂದು ಮಧ್ಯಾಹ್ನ ವಯಸ್ಸಾದ ತಾಯಿಯೊಬ್ಬರು ಹಿತ್ತಲಿನ ಕಡೆ ಹೋಗಿ, ಕೆಸರಿನಲ್ಲಿ ಕಾಲಿಡಲಾರದೆ ತಿರುಗಿ ಬಂದರು. ಆರು ಜನರ ಆ ಕುಟುಂಬ ಚಹಾ ಕೂಡ ಕುಡಿಯದೆ ಹೊರಟಿತು. ಮಾಡಿನ ಕೆಳಗೇ ನಡೆದು ಹೋಗುವ ಹಾಗೆ, ಜಾರದ ನೆಲದ, ದೀಪವಿರುವ, ಹಿಡಿದುಕೊಳ್ಳಲು ಸರಳಿರುವ ಎರಡು ಶೌಚಾಲಯಗಳು ಜಗಲಿಗಿಂತಲೂ ಮೊದಲು ಆಗಬೇಕು ಎಂದು ಪಟ್ಟಿಯ ತಲೆಯಲ್ಲಿ ಬರೆದೆ.

ಬೋರ್ಡಿನದು ಸರಳ ಗಣಿತ. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಈಗಿನ ಬೋರ್ಡು ಬಾಗಿಲ ಮೇಲಿದೆ, ಹೋಟೆಲಿರುವುದು ತಿರುವಿನ ನಂತರ. ಓದುವಷ್ಟರಲ್ಲಿ ಹೋಟೆಲು ಹಿಂದೆ ಬಿದ್ದಿರುತ್ತದೆ, ಹಿಂದಕ್ಕೆ ತಿರುಗಿಸುವ ಮನಸ್ಸು ಯಾರಿಗೂ ಬಾರದು. ತಿರುವಿಗೆ ಮುಂಚೆ, 200 ಮೀಟರ್ ಆಚೆ, ಪರಿಚಯದವರ ತೋಟದ ಬೇಲಿಯ ಒಳಗೆ ಇನ್ನೊಂದು ಬೋರ್ಡು ನಿಲ್ಲಿಸಿದರೆ ಚಾಲಕನಿಗೆ ಹನ್ನೆರಡು ಸೆಕೆಂಡು ಸಿಗುತ್ತದೆ. ಅದರ ಮೇಲೆ ಹೋಟೆಲಿನ ಹೆಸರಿಗಿಂತ ದೊಡ್ಡದಾಗಿ "ಅಕ್ಕಿರೊಟ್ಟಿ" ಎಂದು ಬರೆಸಬೇಕು.

ನೆಂಟರಿಷ್ಟರು ಕೊಟ್ಟ ಸಲಹೆಗಳೂ ಕಡಿಮೆಯಿರಲಿಲ್ಲ. ಗಾಜಿನ ಸೇತುವೆ, ಹೃದಯದ ಆಕಾರದ ಸೆಲ್ಫಿ ಕಟ್ಟೆ, ಡೇರೆ ಹಾಕಿ ರಾತ್ರಿ ಬೆಂಕಿ. ಇವನ್ನೆಲ್ಲ ನಾನು ನಕ್ಕು ಬಿಟ್ಟೆ. ಊಟವಾದ ಮೇಲೆ ಗಿರಾಕಿಗಳನ್ನು ಕಾಡಿನಲ್ಲಿ ಸುತ್ತಿಸಿ ತರುವ ಯೋಜನೆ ಮಾತ್ರ ಸ್ವಲ್ಪ ಹೊತ್ತು ಮನಸ್ಸಿನಲ್ಲಿ ನಿಂತಿತ್ತು. ಮಳೆಗಾಲದಲ್ಲಿ ರಕ್ತ ಹೀರುವ ಇಂಬಳಗಳಿಗೆ ಹೆದರುವವರನ್ನು ಸುಣ್ಣ, ಉಪ್ಪು ಕೊಟ್ಟು ಕಳಿಸಬಹುದೇನೋ. ಆದರೆ ಬೇಸಿಗೆಯ ಉಣುಗಿನ ಜೊತೆ ಆಟವಾಡುವಂತಿಲ್ಲ. ಅದು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ. ಡಿಸೆಂಬರಿನಿಂದ ಮೇವರೆಗೆ, ಅಂದರೆ ಪ್ರವಾಸಿಗರು ಹೆಚ್ಚಾಗಿ ಬರುವ ದಿನಗಳಲ್ಲೇ, ಅದರ ಭಯವೂ ಹೆಚ್ಚು. ಗದ್ದೆಯ ಬದುವಿನ ಮೇಲೆ ತೋಟದ ಅಂಚಿನವರೆಗೆ ನಡೆದು ಬಂದರೆ ಸಾಕು. ಹತ್ತು ನಿಮಿಷದ ಆ ದಾರಿಗೆ ಕಲ್ಲು ಹಾಸಿದರೆ ಮುಗಿಯಿತು.

ಬೆಲೆಯ ವಿಷಯದಲ್ಲಿ ಭಾವನವರು ನನಗಿಂತ ಜಾಣರು. ಜಗಲಿಯ ಪ್ರವಾಸಿ ಊಟಕ್ಕೆ 180 ರೂಪಾಯಿ ಇಡಬಹುದೆಂದಾಗ ಒಪ್ಪಿದರು, ಆದರೆ ರಸ್ತೆ ಬದಿಯ ಹಾಲಿನಲ್ಲಿ ಬಸ್ಸಿನ ಕಂಡಕ್ಟರಿಗೆ, ಅಡಿಕೆ ಕೊನೆ ಕೊಯ್ಯಲು ಬಂದವರಿಗೆ, ಗೊಬ್ಬರದ ಲಾರಿಯವರಿಗೆ ಈಗಿನ 70 ರೂಪಾಯಿ ಊಟ ಹಾಗೆಯೇ ಇರಬೇಕೆಂದರು. "ಶನಿವಾರ ಭಾನುವಾರದವ್ರು ಒಂದ್ ವರ್ಷ ಬಂದು ಮರ್ತುಬಿಡ್ತಾರೆ. ಇವ್ರು ಅಪ್ಪಯ್ಯನ ಕಾಲದಿಂದ ಬರ್ತಿದಾರೆ" ಎಂದರು. ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದ ವಾರಗಳಲ್ಲಿ ಗಲ್ಲಾ ತುಂಬಿದ್ದು ಇವರಿಂದಲೇ ಎಂಬುದು ಅವರ ಹಳೆಯ ಲೆಕ್ಕದ ಪುಸ್ತಕದಲ್ಲೂ ಇದೆ, ನಾನು ನೋಡಿದೆ.

ಶೌಚಾಲಯದ ಕೆಲಸ ಗಣೇಶನ ಹಬ್ಬದ ಮುಂಚೆಯೇ ಮುಗಿಯಿತು. ಮೆನು ಕಾರ್ಡಿನ ಜಾಗದಲ್ಲಿ ಈಗ ಕರಿಹಲಗೆಯಿದೆ, ಬೆಳಗ್ಗೆ ಎಂಟಕ್ಕೆ ಅಕ್ಕನ ಮಗಳು ಅಂದಿನ ಅಡುಗೆಯನ್ನು ಬರೆಯುತ್ತಾಳೆ. ಗೋಡೆ ಒಡೆಯುವ ಮೇಸ್ತ್ರಿ ಮಾತ್ರ ಮಳೆ ಪೂರ್ತಿ ಬಿಡದೆ ಹೆಂಚು ಇಳಿಸುವುದಿಲ್ಲ ಎಂದು ಕೂತಿದ್ದಾನೆ. ದೀಪಾವಳಿಯ ಹೊತ್ತಿಗೆ ಮಳೆ ಬಿಟ್ಟರೂ ಅಡಿಕೆ ಕೊಯ್ಲು ಶುರುವಾಗಿ ಆಳುಗಳು ಸಿಗುವುದಿಲ್ಲ ಎಂಬುದು ಭಾವನವರ ಚಿಂತೆ. ಅಲ್ಲಿಯವರೆಗೆ ಉಗ್ರಾಣದ ಮೂಟೆಗಳನ್ನು ಒಂದು ಬದಿಗೆ ಸರಿಸಿ, ಕಿಟಕಿ ತೆರೆದು, ಎರಡು ಮೇಜು ಹಾಕಿದ್ದಾರಂತೆ. ಕಳೆದ ಭಾನುವಾರ ಆ ಎರಡು ಮೇಜಿಗೆ ಜನ ಕಾದು ನಿಂತಿದ್ದರೆಂದೂ, ಪಕ್ಕದಲ್ಲಿ ಅಕ್ಕಿ ಮೂಟೆಗಳಿದ್ದುದಕ್ಕೆ ಯಾರೂ ಬೇಸರಿಸಲಿಲ್ಲವೆಂದೂ ಅಕ್ಕ ಫೋನಿನಲ್ಲಿ ಹೇಳಿದಳು. ಕರಿಹಲಗೆಯ ಕೊನೆಯ ಸಾಲಿನಲ್ಲಿ ಗೋಬಿ ಮಂಚೂರಿ ಇನ್ನೂ ಇದೆಯಂತೆ.