ಆರಿದ್ರ ಮೊದಲ ದಿನ, ಕೋಟೆ ಮೇಲೆ

ಜೂನ್ 22, 2025, ಭಾನುವಾರ
ಚಿತ್ರದುರ್ಗ

ಇವತ್ತಿನಿಂದ ಆರಿದ್ರ ನಕ್ಷತ್ರದ ಮಳೆ. ಬೆಳಿಗ್ಗೆ ಎದ್ದು ಹಿತ್ತಲ ಬಾಗಿಲು ತೆಗೆದೆ. ಗಾಳಿ ಬಾಗಿಲನ್ನೇ ಕೈಯಿಂದ ಕಿತ್ತುಕೊಂಡಿತು. ಆಕಾಶದ ತುಂಬಾ ಕರಿಮೋಡ, ಎಲ್ಲವೂ ಪೂರ್ವಕ್ಕೆ ಓಡುತ್ತಿದ್ದವು. ಅಂಗಳ ಮಾತ್ರ ಒಣಗೇ ಇತ್ತು.

ಶುಕ್ರವಾರ ರಾತ್ರಿ ಹೈದರಾಬಾದಿನಿಂದ ಚಿಕ್ಕಮ್ಮನ ಮಗಳು, ಅವಳ ಗಂಡ, ಎಂಟು ವರ್ಷದ ಮಗ ಬಂದಿದ್ದಾರೆ. ನಮ್ಮನೆಯಲ್ಲಿ ಎರಡು ದಿನ ಇದ್ದು ಆಗುಂಬೆಗೆ ಹೋಗೋದು ಅವರ ಯೋಚನೆ. ಕಾರಿನಿಂದ ಮೊದಲು ಇಳಿದಿದ್ದೇ ಮೂರು ಛತ್ರಿ, ಮೂರು ರೇನ್‌ಕೋಟು. "ಮುಂಗಾರು ಬೇಗ ಬಂತು ಅಂದ್ರಲ್ಲ ಅಕ್ಕಾ, ಇಲ್ಲಿ ಮಳೆನೇ ಇಲ್ವಾ?" ಅಂತ ತಂಗಿ ಕೇಳಿದಳು.

ಬೇಗ ಬಂದಿರೋದು ನಿಜ. ಸಾಮಾನ್ಯವಾಗಿ ಜೂನ್ 1ರ ಹೊತ್ತಿಗೆ ಕೇರಳ ಮುಟ್ಟುವ ಮುಂಗಾರು ಈ ಸಲ ಮೇ 24ಕ್ಕೇ ಮುಟ್ಟಿತು. ಆದರೆ ಮುಂಗಾರು ಬಂತು ಅಂದ ಮಾತ್ರಕ್ಕೆ ಎಲ್ಲ ಊರಲ್ಲೂ ಮಳೆ ಸುರಿಯೋದಿಲ್ಲ. ಅರಬ್ಬಿ ಸಮುದ್ರದಿಂದ ನೀರು ಹೊತ್ತು ಬರುವ ಗಾಳಿ ಘಟ್ಟ ಹತ್ತುವಾಗ ಅಲ್ಲೇ ಸುರಿಸಿಬಿಡುತ್ತದೆ. ಘಟ್ಟ ದಾಟಿ ನಮ್ಮ ಕಡೆ ಬರುವಷ್ಟರಲ್ಲಿ ಉಳಿಯೋದು ಗಾಳಿ, ಮೋಡ, ಒಂದಿಷ್ಟು ಸೋನೆ. ಆಗುಂಬೆಗೆ ವರ್ಷಕ್ಕೆ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ನಮ್ಮ ಜಿಲ್ಲೆಗೆ 600ರ ಆಸುಪಾಸು, ಅದರಲ್ಲೂ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿಗೆ. ಎರಡೂ ಊರಿನ ನಡುವೆ ಕಾರಿನಲ್ಲಿ ಒಂದು ಹಗಲಿನ ದಾರಿಯೂ ಇಲ್ಲ. ಜೂನ್‌ನಲ್ಲಿ ಪ್ರವಾಸ ಹೊರಡೋರು "ಮಳೆ ಇದೆಯಾ" ಅಂತ ಕೇಳುತ್ತಾರೆ. ಹೋಗುವ ಊರು ಘಟ್ಟದ ಯಾವ ಕಡೆಗಿದೆ ಅಂತ ಮೊದಲು ಕೇಳಬೇಕು.

ಏಳು ಗಂಟೆಗೆಲ್ಲ ಕೋಟೆಗೆ ಹೋದೆವು. ನನ್ನನ್ನು ಕೇಳಿದರೆ ಕಲ್ಲಿನ ಕೋಟೆ ನೋಡೋಕೆ ಜೂನ್‌ಗಿಂತ ಒಳ್ಳೆಯ ತಿಂಗಳಿಲ್ಲ. ಏಪ್ರಿಲ್‌ನಲ್ಲಿ ಬಂಡೆ ಕಾದ ಹೆಂಚು. ಈಗ ತಂಪು. ಬಿಸಿಲು ಬಂದರೂ ಐದು ನಿಮಿಷ, ಮತ್ತೆ ಮೋಡ. ಗುಡ್ಡದ ಮೇಲಿನ ಗಾಳಿಯಂತ್ರಗಳೆಲ್ಲ ತಿರುಗುತ್ತಿರುತ್ತವೆ. ಛತ್ರಿ ಮಾತ್ರ ಮೇಲೆ ಕೆಲಸಕ್ಕೆ ಬರೋದಿಲ್ಲ. ತಂಗಿಯ ಛತ್ರಿ ಬಿಚ್ಚಿದ ಕ್ಷಣಕ್ಕೇ ತಿರುಗಾ ಮುರುಗಾ ಆಯಿತು. ರೇನ್‌ಕೋಟೇ ಸರಿ.

ಚಪ್ಪಲಿ ವಿಷಯ ಒಂದು ಹೇಳಲೇಬೇಕು. ಹೋದ ವರ್ಷ ಇದೇ ತಿಂಗಳು, ಸವೆದ ಚಪ್ಪಲಿ ಹಾಕಿಕೊಂಡು ಹತ್ತಿ, ಇಳಿಯುವಾಗ ಜಾರಿ ಬಿದ್ದೆ. ಮೊಣಕೈ ಹದಿನೈದು ದಿನ ಎತ್ತೋಕೆ ಆಗಲಿಲ್ಲ. ಜೋರು ಮಳೆಗಿಂತ ಈ ಸೋನೆಯೇ ಅಪಾಯ. ಬೇಸಿಗೆಯ ಧೂಳೆಲ್ಲ ಬಂಡೆ ಮೇಲೆ ಕೂತಿರುತ್ತದೆ, ನಾಲ್ಕು ಹನಿ ಬಿದ್ದರೆ ಸಾಕು, ಗಂಜಿ ಸವರಿದ ಹಾಗೆ ಆಗುತ್ತದೆ. ಓಬವ್ವನ ಕಿಂಡಿಯ ಹತ್ತಿರ ಇಳಿಯುವಾಗ ಹುಡುಗನ ಕೈ ಬಿಡಬೇಡಿ ಅಂತ ಅವರಿಗೆ ಮೂರು ಸಲ ಹೇಳಿದೆ.

ಏಕನಾಥೇಶ್ವರಿ ಗುಡಿ ಹತ್ತಿರ ಇದ್ದಾಗ ಮಳೆ ಹಿಡಿಯಿತು. ಹತ್ತು ನಿಮಿಷ, ಅಷ್ಟೇ. ನಾವು ಸೂರಿನಡಿ ನಿಂತೆವು. ಎದುರಿಗೇ ಇಳಿಜಾರು ಬಂಡೆ. ಮೊದಲು ಬಿದ್ದ ಹನಿಗಳು ನಾಣ್ಯದಗಲ ಕಪ್ಪು ಕಲೆಗಳಾದವು. ಆಮೇಲೆ ಬಂಡೆ ಪೂರ್ತಿ ಕಪ್ಪಾಯಿತು. ಕಿರುಬೆರಳಿನಷ್ಟು ಕೆಂಪು ನೀರು ಬಂಡೆಯ ಬಿರುಕಿಗೆ ಬಂದು ನಿಂತಿತು. ಬಿರುಕು ತುಂಬೋವರೆಗೂ ಕಾದು, ಅಂಚಲ್ಲಿ ಉಬ್ಬಿ, ಮುಂದಿನ ಬಿರುಕಿಗೆ ಹೋಯಿತು. ಒಂದು ಇರುವೆ ಒಣ ಹುಲ್ಲುಕಡ್ಡಿ ಹಿಡಿದುಕೊಂಡು ಅದರ ಜೊತೆಗೇ ಹೊರಟಿತ್ತು. ಹುಡುಗ ಕೂತು ನೋಡುತ್ತಿದ್ದ. "ದೊಡ್ಡಮ್ಮಾ, ಈ ನೀರು ಎಲ್ಲಿಗೆ ಹೋಗುತ್ತೆ?"

ನನಗೆ ಬೇಕಾಗಿದ್ದು ಈ ಪ್ರಶ್ನೆಯೇ. ಗೋಪಾಲಸ್ವಾಮಿ ಹೊಂಡಕ್ಕೆ ಕರೆದುಕೊಂಡು ಹೋದೆ. ಈ ಹೊಂಡ ತುಂಬಿದರೆ ನೀರು ಅಕ್ಕ ತಂಗಿ ಹೊಂಡಕ್ಕೆ, ಅದು ತುಂಬಿದರೆ ಸಿಹಿನೀರು ಹೊಂಡಕ್ಕೆ, ಅಲ್ಲಿಂದ ಊರೊಳಗಿನ ಸಂತೆ ಹೊಂಡಕ್ಕೆ. ಬಂಡೆ ಮೇಲೆ ಬಿದ್ದ ಒಂದು ಹನಿಯೂ ಸುಮ್ನೆ ಹೋಗಬಾರದು ಅಂತ ಕಟ್ಟಿಸಿದ್ದಾರೆ. ಕೆಳಗೆ ಚಂದ್ರವಳ್ಳಿಯಲ್ಲಿ ಮಯೂರಶರ್ಮ ಕೆರೆ ಮಾಡಿಸಿದ ಶಾಸನವಿದೆ, ನಾಲ್ಕನೇ ಶತಮಾನದ್ದು. ಮಳೆ ಕಮ್ಮಿ ಇರೋ ಊರಿನವರಿಗೇ ನೀರಿನ ಬೆಲೆ ಗೊತ್ತಿರೋದು. ಹೊಂಡ ಇನ್ನೂ ತುಂಬಿಲ್ಲ. ನೀರಿಗಿಂತ ಮೇಲೆ ಎರಡು ಮೂರು ಮೆಟ್ಟಿಲಿನವರೆಗೆ ಹಳೇ ನೀರಿನ ಗುರುತು ಕಾಣುತ್ತದೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಆಗುಂಬೆ ಮಾತು ಬಂತು. ಅಲ್ಲಿಯದು ಬೇರೆಯದೇ ಮಳೆಗಾಲ. ಸೂರ್ಯಾಸ್ತ ನೋಡೋ ಆಸೆ ಬಿಟ್ಟುಬಿಡಿ ಅಂದೆ, ಈಗ ಅಲ್ಲಿ ಎದುರಿನ ಮರ ಕಂಡರೆ ಪುಣ್ಯ. ಘಾಟಿಯ ಹದಿನಾಲ್ಕು ತಿರುವನ್ನು ಹಗಲು ಹೊತ್ತಲ್ಲೇ ಇಳಿಯಬೇಕು, ಹೊರಡೋ ಮುಂಚೆ ತೀರ್ಥಹಳ್ಳಿಯಲ್ಲಿ ರಸ್ತೆ ವಿಚಾರಿಸಬೇಕು. ಹಳ್ಳಕ್ಕೆ ಕಾಲಿಡಲೇಬಾರದು. ನಿಂತ ಕಡೆ ಮಳೆ ಇಲ್ಲ ಅನ್ನಿಸಿದರೂ ಮೇಲೆ ಗುಡ್ಡದಲ್ಲಿ ಬಿದ್ದ ನೀರು ಒಮ್ಮೆಗೇ ಬಂದುಬಿಡುತ್ತದೆ. ಇಂಬಳಕ್ಕೆ, ಅಂದರೆ ಜಿಗಣೆಗೆ, ಉಪ್ಪಿನ ಪೊಟ್ಟಣ ಕಟ್ಟಿಕೊಟ್ಟೆ. ಎರಡು ವರ್ಷದ ಹಿಂದೆ ಮಲೆನಾಡಿನ ಒಂದು ಹೋಂಸ್ಟೇಯಲ್ಲಿ ನಮಗೆ ಎರಡು ರಾತ್ರಿ ಕರೆಂಟೇ ಇರಲಿಲ್ಲ. ಫೋನೂ ಸತ್ತಿತ್ತು, ದುಡ್ಡು ಕೊಡೋಕೆ ನೋಟು ಇರಲಿಲ್ಲ. ಅದಕ್ಕೇ ಟಾರ್ಚು, ಕೈಯಲ್ಲಿ ಸ್ವಲ್ಪ ನೋಟು, ಬಟ್ಟೆ ಒಂದು ಜೊತೆ ಜಾಸ್ತಿ. ಅಲ್ಲಿ ಒದ್ದೆಯಾದ ಬಟ್ಟೆ ಒಣಗೋದೇ ಇಲ್ಲ. ಜೋಗಕ್ಕೂ ಹೋಗೋಣ ಅಂದಳು ತಂಗಿ. ಜೂನ್‌ನಲ್ಲಿ ಜೋಗ ಹೇಗಿರುತ್ತೋ ಹೇಳೋಕಾಗಲ್ಲ, ಅದನ್ನು ಆಗಸ್ಟ್‌ಗೆ ಇಟ್ಟುಕೋ ಅಂದೆ.

ಎರಡು ಗಂಟೆಗೆ ಹೊಳಲ್ಕೆರೆ ದಾರಿ ಹಿಡಿದರು. ಕಾರನ್ನು ಟಾರು ಬಿಟ್ಟು ಎರೆ ಮಣ್ಣಿಗೆ ಇಳಿಸಬೇಡಿ ಅಂತ ಗೇಟಿನ ಹತ್ತಿರ ನೆನಪು ಮಾಡಿದೆ. ಒಂದು ಸಣ್ಣ ಮಳೆಗೇ ಅದು ಚಕ್ರಕ್ಕೆ ಮೆತ್ತಿಕೊಂಡು ಬಿಡೋದಿಲ್ಲ. ಸಂಜೆ ತೀರ್ಥಹಳ್ಳಿ ಹತ್ತಿರದಿಂದ ಫೋನ್ ಬಂತು. ವೈಪರ್ ಎಷ್ಟು ಜೋರಾಗಿ ಇಟ್ಟರೂ ರಸ್ತೆ ಕಾಣ್ತಿಲ್ಲ ಅಂತ. ರಾತ್ರಿ ಅಲ್ಲೇ ಉಳಿಯಿರಿ ಅಂದೆ. ಒಪ್ಪಿದರು.

ಅದೇ ಹೊತ್ತಿಗೆ ಭರಮಸಾಗರದ ಹತ್ತಿರದ ಹೊಲದಿಂದ ಅಣ್ಣನೂ ಫೋನ್ ಮಾಡಿದ್ದ. ಮೆಕ್ಕೆಜೋಳ ಗೇಣುದ್ದ ಬಂದಿದೆಯಂತೆ, ಮಧ್ಯಾಹ್ನದ ಹೊತ್ತಿಗೆ ಗರಿ ಸುರುಳಿ ಸುತ್ತುತ್ತಿದೆಯಂತೆ. "ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ" ಅಂತ ಅಪ್ಪ ಹೇಳುತ್ತಿದ್ದ ಮಾತನ್ನು ಅವನೂ ಹೇಳಿದ.

ಈಗ ರಾತ್ರಿ ಒಂಬತ್ತೂವರೆ. ಹೆಂಚಿನ ಮೇಲೆ ಸಣ್ಣಗೆ ಸದ್ದು ಶುರುವಾಗಿದೆ. ಹೊರಗೆ ಹೋಗಿ ಕೈ ಚಾಚಿದೆ, ಸೋನೆ. ಅಣ್ಣನಿಗೆ ಫೋನ್ ಮಾಡಿ ಕೇಳಿದೆ. ಅಲ್ಲಿ ಬರೀ ಗಾಳಿಯಂತೆ.