ರಿಸರ್ಚ್‌ಗೆ ದುಡ್ಡು ಎಲ್ಲಿ ಸಿಗುತ್ತೆ ಅಂತ ಕೇಳುವ ಡಾಕ್ಟರುಗಳಿಗೆ

"ಮೇಡಂ, ರಿಸರ್ಚ್‌ಗೆ ಫಂಡಿಂಗ್ ಎಲ್ಲಿ ಸಿಗುತ್ತೆ? ಯಾವುದಾದ್ರೂ ಲಿಂಕ್ ಇದ್ರೆ ಕಳಿಸಿ."

ಈ ಮಾತು ವಾಟ್ಸಾಪಿನಲ್ಲಿ ಬರುತ್ತದೆ, ವಾರ್ಡಿನ ಕಾರಿಡಾರಿನಲ್ಲಿ ಬರುತ್ತದೆ, ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗಲೂ ಬರುತ್ತದೆ. ಕೇಳುವವರು ಪಿಜಿ ವಿದ್ಯಾರ್ಥಿಗಳು, ಹೊಸದಾಗಿ ಸೇರಿದ ಅಸಿಸ್ಟೆಂಟ್ ಪ್ರೊಫೆಸರುಗಳು, ಕೆಲವೊಮ್ಮೆ ನನ್ನ ಬ್ಯಾಚಿನವರೇ. ನಾನು ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ರೋಗಿಗಳನ್ನು ನೋಡುತ್ತೇನೆ, ಕಾಲೇಜಿನ ರಿಸರ್ಚ್ ಸೆಲ್ ಕೂಡ ನನ್ನ ತಲೆ ಮೇಲಿದೆ. ಹಾಗಾಗಿ ನನ್ನನ್ನು ಕೇಳುವುದು ಸಹಜ. ಆದರೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಇದು.

ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ದುಡ್ಡು ಇದೆ. ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಇದೆ.

ಎಂಬಿಬಿಎಸ್ ಓದುತ್ತಿದ್ದರೆ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಎಸ್‌ಟಿಎಸ್, ಅಂದರೆ ವಿದ್ಯಾರ್ಥಿಗಳ ಕಿರು ಸಂಶೋಧನಾ ಯೋಜನೆ ಇದೆ. 1979ರಲ್ಲಿ ಶುರುವಾದದ್ದು. ಎರಡು ತಿಂಗಳ ಸಣ್ಣ ಅಧ್ಯಯನ, ಜೊತೆಗೊಬ್ಬ ಗೈಡ್, ವರದಿ ಒಪ್ಪಿಗೆಯಾದರೆ ಸ್ಟೈಪೆಂಡು. ರಾಜೀವ್ ಗಾಂಧಿ ವಿವಿ ತನ್ನ ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಸಂಶೋಧನೆಗೆ ಹಣ ಕೊಡುತ್ತದೆ. ಎಂಡಿ, ಎಂಎಸ್ ಥೀಸಿಸ್‌ಗೆ ಐಸಿಎಂಆರ್ ನೆರವಿದೆ. ಅಧ್ಯಾಪಕರಾದ ಮೇಲೆ ಅದೇ ಐಸಿಎಂಆರ್‌ನ ಎಕ್ಸ್‌ಟ್ರಾಮ್ಯೂರಲ್ ಗ್ರ್ಯಾಂಟ್, ಅಂದರೆ ಹೊರಗಿನ ಸಂಸ್ಥೆಯವರಿಗೆ ಕೊಡುವ ಸಂಶೋಧನಾ ಹಣ. ಅವರು ಸಣ್ಣದು ಅನ್ನುವ ಗ್ರ್ಯಾಂಟೇ 2 ಕೋಟಿವರೆಗೆ ಹೋಗುತ್ತದೆ. ಸಂಶೋಧನೆಯನ್ನೇ ಬದುಕು ಮಾಡಿಕೊಳ್ಳುವ ಮನಸ್ಸಿದ್ದರೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ ನಡೆಸುವ ಇಂಡಿಯಾ ಅಲಯನ್ಸ್ ಇದೆ. 2008ರಿಂದ ನಡೆಯುತ್ತಿದೆ, ವೈದ್ಯರಿಗೆ ಮತ್ತು ಸಾರ್ವಜನಿಕ ಆರೋಗ್ಯದವರಿಗೆ ಪ್ರತ್ಯೇಕ ಫೆಲೋಶಿಪ್ ಇವೆ. 2025ರ ಅಕ್ಟೋಬರಿನಲ್ಲಿ ಇದರ ಮೂರನೇ ಹಂತಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಒಟ್ಟು 1500 ಕೋಟಿ, ಅದರಲ್ಲಿ 1000 ಕೋಟಿ ಸರ್ಕಾರದ್ದು, ಉಳಿದದ್ದು ಟ್ರಸ್ಟಿನದು. ಹೊಸ ಸಾಧನವೋ ಟೆಸ್ಟ್ ಕಿಟ್ಟೋ ಮಾಡುವ ಯೋಚನೆ ಇದ್ದರೆ ಹೊಸ ಜೈವಿಕ ತಂತ್ರಜ್ಞಾನ ಉದ್ಯಮಗಳಿಗೆ ನೆರವಾಗುವ ಕೇಂದ್ರ ಸರ್ಕಾರದ ಸಂಸ್ಥೆ ಬೈರಾಕ್‌ನ ಬಿಗ್ ಯೋಜನೆ 18 ತಿಂಗಳಿಗೆ 50 ಲಕ್ಷದವರೆಗೆ ಕೊಡುತ್ತದೆ. ಇನ್ನು ಸರ್ಕಾರಿ ಕಾಲೇಜಿನಲ್ಲಿದ್ದರೆ ನಿಮ್ಮ ಕಟ್ಟಡದಲ್ಲೇ ಒಂದು ಎಂಆರ್‌ಯು (ಬಹುವಿಭಾಗೀಯ ಸಂಶೋಧನಾ ಘಟಕ) ಇರಬಹುದು. ಆರೋಗ್ಯ ಸಂಶೋಧನಾ ಇಲಾಖೆ ಕೋಟಿಗಟ್ಟಲೆ ರೂಪಾಯಿಯ ಯಂತ್ರಗಳನ್ನು ಕೊಟ್ಟು ಮಾಡಿಸಿದ ಲ್ಯಾಬ್ ಅದು. ಒಮ್ಮೆ ಹೋಗಿ ಬಾಗಿಲು ತಟ್ಟಿ ನೋಡಿ.

ಆಯ್ತಾ? ಇಷ್ಟಕ್ಕೆ ನಿಮ್ಮ ಪ್ರಶ್ನೆ ಮುಗಿಯಿತು. ನನ್ನ ಸಂಕಟ ಶುರುವಾಗುವುದು ಇಲ್ಲಿಂದ.

ನನಗೆ ಸಿಟ್ಟು ಬರುವುದು ಆ "ಯಾವುದಾದ್ರೂ" ಅನ್ನುವುದಕ್ಕೆ. ಯಾವ ವಿಷಯದ ಮೇಲೆ ಕೆಲಸ ಮಾಡಬೇಕು ಅಂತಿದ್ದೀರಿ ಅಂತ ನಾನು ಕೇಳುತ್ತೇನೆ. "ಟಾಪಿಕ್ ಯಾವುದಾದ್ರೂ ಪರವಾಗಿಲ್ಲ ಮೇಡಂ, ನೀವೇ ಒಂದು ಹೇಳಿ" ಅನ್ನುತ್ತಾರೆ. ದಿನಾ ಬೆಳಿಗ್ಗೆ ರೌಂಡ್ಸ್ ಮಾಡುವವರು ಇವರು. ಒಂದೇ ಔಷಧಿಗೆ ಒಬ್ಬ ರೋಗಿ ಎದ್ದು ಕೂರುವುದನ್ನೂ ಪಕ್ಕದ ಮಂಚದವರು ಮೇಲೇಳದೆ ಇರುವುದನ್ನೂ ಕಣ್ಣಾರೆ ಕಂಡವರು. ಅವರಿಗೆ ಕೇಳಲು ಒಂದು ಪ್ರಶ್ನೆ ಇಲ್ಲವೇ? ಇದೆ, ಖಂಡಿತ ಇದೆ. ಅದನ್ನು ರಿಸರ್ಚ್ ಅಂತ ಅವರು ಅಂದುಕೊಂಡಿಲ್ಲ ಅಷ್ಟೆ. ಬಡ್ತಿಗೆ ಪೇಪರ್ ಬೇಕು, ಪೇಪರಿಗೆ ಪ್ರಾಜೆಕ್ಟ್ ಬೇಕು, ಪ್ರಾಜೆಕ್ಟಿಗೆ ದುಡ್ಡು ಬೇಕು ಅಂತ ಯಾರೋ ಅವರಿಗೆ ಕೊನೆಯಿಂದ ಮೊದಲಿಗೆ ಪಾಠ ಮಾಡಿದ್ದಾರೆ.

ಇನ್ನೊಂದು ಮಾತು ನನ್ನ ಕಿವಿಗೂ ಬಿದ್ದಿದೆ. "ಗ್ರ್ಯಾಂಟಿಗೆ ಅರ್ಜಿ ಕರೆದಿದ್ದನ್ನ ಮೇಡಂ ತಮಗೆ ಬೇಕಾದವರಿಗೆ ಮಾತ್ರ ಹೇಳ್ತಾರೆ" ಅಂತ. ಇದು ಸುಳ್ಳು. ಬಂದ ಪ್ರತಿಯೊಂದು ಪ್ರಕಟಣೆಯನ್ನೂ ಎಲ್ಲ ವಿಭಾಗಕ್ಕೂ ಕಳಿಸುತ್ತೇನೆ, ನೋಟಿಸ್ ಬೋರ್ಡಿಗೂ ಅಂಟಿಸುತ್ತೇನೆ. ಅರ್ಜಿಯ ಕೊನೆ ದಿನದ ಹಿಂದಿನ ಸಂಜೆ ಫೋನ್ ಮಾಡಿ "ಬಜೆಟ್ ಏನು ಹಾಕ್ಲಿ?" ಅಂದರೆ ನಾನೇನು ಮಾಡಲಿ?

ಈಗ ಒಂದು ಫೋನ್ ಕರೆಯ ವಿಷಯ ಹೇಳಲೇಬೇಕು. ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಯಿಂದ ಬಂದಿತ್ತು. ಮಾತಾಡಿದವರು ಚಿಕ್ಕ ವಯಸ್ಸಿನ ಡಾಕ್ಟರು, ನನ್ನ ವಿದ್ಯಾರ್ಥಿಯೂ ಅಲ್ಲ. ಯಾರೋ ನಂಬರ್ ಕೊಟ್ಟಿದ್ದರು. "ಮೇಡಂ, ಹಾವು ಕಚ್ಚಿದವರಿಗೆ ರಕ್ತ ಹೆಪ್ಪುಗಟ್ಟುತ್ತಾ ಅಂತ 20 ನಿಮಿಷದ ಟೆಸ್ಟ್ ಮಾಡ್ತೀವಲ್ಲ, ನಮ್ಮಲ್ಲಿ ಗಾಜಿನ ಟ್ಯೂಬ್ ಖಾಲಿ ಆಗಿ ಪ್ಲಾಸ್ಟಿಕ್ಕಲ್ಲೇ ಮಾಡ್ತಿದ್ದಾರೆ. ಇದನ್ನ ನಂಬಬಹುದಾ?"

ನಾನು ಕೂತಲ್ಲಿಂದ ಎದ್ದು ನಿಂತೆ.

ಈ ಟೆಸ್ಟ್ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕೊಳಕು ಮಂಡಲದ ಹಾವು ಕಚ್ಚಿದರೆ ರಕ್ತ ಹೆಪ್ಪುಗಟ್ಟುವ ಗುಣ ಕಳೆದುಕೊಳ್ಳುತ್ತದೆ. ಅದನ್ನು ತಿಳಿಯಲು ದೊಡ್ಡ ಯಂತ್ರ ಬೇಡ. ಹೊಸ, ಒಣಗಿದ, ಸ್ವಚ್ಛವಾದ ಒಂದು ಗಾಜಿನ ಟ್ಯೂಬು ಸಾಕು. ರೋಗಿಯ ರಕ್ತ 2 ಎಂಎಲ್ ಹಾಕಿ ಅಲುಗಾಡಿಸದೆ 20 ನಿಮಿಷ ಇಡಬೇಕು. ಆಮೇಲೆ ಒಮ್ಮೆ ಓರೆ ಮಾಡಬೇಕು. ಗಟ್ಟಿಯಾಗಿ ತಳದಲ್ಲೇ ನಿಂತರೆ ಸರಿ. ನೀರಿನಂತೆ ಹರಿದು ಬಂದರೆ ವಿಷ ಏರಿದೆ ಅಂತ ಅರ್ಥ, ವಿಷ ಇಳಿಸುವ ಔಷಧಿ ಆಂಟಿವೆನಮ್ ಶುರು ಮಾಡಬೇಕು. ಇಲ್ಲಿ ಗಾಜು ಬರೀ ಪಾತ್ರೆಯಲ್ಲ. ಗಾಜಿನ ಮೈ ತಾಗಿಯೇ ರಕ್ತ ಹೆಪ್ಪುಗಟ್ಟುವ ಕೆಲಸ ಶುರುವಾಗುತ್ತದೆ. ಪ್ಲಾಸ್ಟಿಕ್ಕಿಗೆ ಆ ಗುಣ ಇಲ್ಲ. ಸೋಪಿನ ಪುಡಿ ಹಾಕಿ ತೊಳೆದ ಹಳೆ ಗಾಜಿನ ಟ್ಯೂಬಿನಲ್ಲೂ ಅದು ಹಾಳಾಗಿರುತ್ತದೆ. ಅಂದರೆ ವಿಷವೇ ಏರದ ಮನುಷ್ಯನ ರಕ್ತವೂ ಅಲ್ಲಿ ಹೆಪ್ಪುಗಟ್ಟದೆ ಉಳಿಯಬಹುದು. ಅವನಿಗೆ ಬೇಡದ ಎಂಟು ಹತ್ತು ವಯಲ್ ಆಂಟಿವೆನಮ್ ಹೋಗುತ್ತದೆ. ಆ ಔಷಧಿಗೆ ಮೈ ತಿರುಗಿಬಿದ್ದು ಉಸಿರು ಕಟ್ಟುವ, ಬಿಪಿ ಕುಸಿಯುವ ಅಪಾಯವೂ ಇದೆ. ನಿಜವಾಗಿ ಬೇಕಾದವರಿಗೆ ಔಷಧಿ ಕಮ್ಮಿ ಬೀಳುತ್ತದೆ.

ಅವರು ಫೋನ್ ಇಡಲಿಲ್ಲ. ಇನ್ನೊಂದು ಕೇಳಿದರು. "ಕೆಲವರಿಗೆ ಎಷ್ಟು ಆಂಟಿವೆನಮ್ ಕೊಟ್ರೂ ರಕ್ತ ಸರಿ ಹೋಗ್ತಿಲ್ಲ ಮೇಡಂ. ಕಚ್ಚಿದ್ದು ತೋಟದಲ್ಲಿರೋ ಸಣ್ಣ ಹಾವು ಅಂತಾರೆ." ನಮ್ಮ ದೇಶದ ಆಂಟಿವೆನಮ್ ತಯಾರಾಗುವುದು ನಾಲ್ಕು ಹಾವುಗಳಿಗೆ: ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ. ಪಶ್ಚಿಮ ಘಟ್ಟದ ತೋಟಗಳಲ್ಲಿರುವ ಹಂಪ್ ನೋಸ್ಡ್ ಪಿಟ್ ವೈಪರ್ ಅದರಲ್ಲಿ ಇಲ್ಲ. ಅದು ಕಚ್ಚಿದರೂ ರಕ್ತ ಕೆಡಬಹುದು, ಕಿಡ್ನಿಗೂ ಪೆಟ್ಟಾಗಬಹುದು. ಆ ಡಾಕ್ಟರು ಕೇಳಿದ್ದು ಇಡೀ ಘಟ್ಟದ ಪ್ರಶ್ನೆ.

ನೋಡಿ, ಅವರ ಬಾಯಲ್ಲಿ ಫಂಡಿಂಗ್ ಅನ್ನುವ ಮಾತೇ ಬರಲಿಲ್ಲ. ಆದರೆ ಆ ಕರೆ ಮುಗಿಯುವ ಹೊತ್ತಿಗೆ ದಾರಿಗಳು ಒಂದೊಂದಾಗಿ ಹೊಳೆಯತೊಡಗಿದ್ದವು. ಹಾವು ಕಡಿತದ ಸಂಶೋಧನೆಗೆ ವೆಲ್‌ಕಮ್ ಟ್ರಸ್ಟ್ 2019ರಲ್ಲಿ 8 ಕೋಟಿ ಪೌಂಡ್ ಘೋಷಿಸಿತ್ತು. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಮುಂದಿನ ತಿಂಗಳೇ ಕೇಂದ್ರದ ರಾಷ್ಟ್ರೀಯ ಕ್ರಿಯಾ ಯೋಜನೆ ಬಂತು. ವಿಷದ ಮೇಲೆ ಕೆಲಸ ಮಾಡುವ ಲ್ಯಾಬು ಬೆಂಗಳೂರಿನ ಐಐಎಸ್‌ಸಿಯಲ್ಲೇ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಕಂಡದ್ದು ಲ್ಯಾಬಿಗೆ ಹೋಗಿ, ಲ್ಯಾಬಿನಲ್ಲಿ ತಿಳಿದದ್ದು ಮತ್ತೆ ಅದೇ ಮಂಚದ ಪಕ್ಕಕ್ಕೆ ಬರುವುದನ್ನೇ ಅಲ್ವಾ ಟ್ರಾನ್ಸ್‌ಲೇಷನಲ್ ರಿಸರ್ಚ್ ಅನ್ನುವುದು? ಅದಕ್ಕೆ ಇದಕ್ಕಿಂತ ಒಳ್ಳೆ ಜಾಗ ಇನ್ನೆಲ್ಲಿದೆ?

ಮೊದಲ ಪ್ರಶ್ನೆಯ ಅಧ್ಯಯನಕ್ಕಂತೂ ಕೋಟಿ ಬೇಡ. ಒಂದೇ ರೋಗಿಯ ರಕ್ತವನ್ನು ಹೊಸ ಗಾಜಿನಲ್ಲೂ ಆಸ್ಪತ್ರೆಯಲ್ಲಿ ಬಳಸುವ ಟ್ಯೂಬಿನಲ್ಲೂ ಇಟ್ಟು, ಲ್ಯಾಬಿನ ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ಹೊತ್ತಿನ ಅಳತೆ) ಜೊತೆ ಹೋಲಿಸಬೇಕು. ಚಿಕಿತ್ಸೆಯ ನಿರ್ಧಾರ ಮಾತ್ರ ಗಾಜಿನ ಟ್ಯೂಬು ನೋಡಿಯೇ ಆಗಬೇಕು. ಟ್ಯೂಬಿಗೆ, ಟೈಮರಿಗೆ, ಫಾರಂ ಪ್ರಿಂಟಿಗೆ ಖರ್ಚು ಅಷ್ಟಕ್ಕಷ್ಟೇ. ದುಡ್ಡು ಬೇಕಾಗುವುದು ರಾತ್ರಿ ಎರಡು ಗಂಟೆಗೆ ರೋಗಿ ಬಂದಾಗ ಗಡಿಯಾರ ನೋಡಿ ಬರೆದಿಡುವ ಒಬ್ಬ ನರ್ಸಿನ ಸಂಬಳಕ್ಕೆ. ಹೊಸಬರ ಬಜೆಟ್ಟಿನಲ್ಲಿ ಲ್ಯಾಪ್‌ಟಾಪ್ ಇರುತ್ತದೆ, ಈ ನರ್ಸ್ ಇರುವುದಿಲ್ಲ.

ತರಬೇತಿ ಬಗ್ಗೆಯೂ ಕೇಳುತ್ತೀರಿ. ಚೆನ್ನೈನ ರಾಷ್ಟ್ರೀಯ ಸೋಂಕುರೋಗ ಶಾಸ್ತ್ರ ಸಂಸ್ಥೆ ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ಪಾಠದ ವೇದಿಕೆ ಮೂಲಕ ನಡೆಸುವ ಬಿಸಿಬಿಆರ್ (ವೈದ್ಯಕೀಯ ಸಂಶೋಧನೆಯ ಮೂಲಪಾಠ) ಕೋರ್ಸನ್ನು ಎಲ್ಲ ಪಿಜಿಗಳೂ ಮಾಡಲೇಬೇಕು. ಪಾಠಗಳು ಚೆನ್ನಾಗಿವೆ. ಆದರೆ ವಿಡಿಯೋ ಒಂದು ಕಡೆ ಓಡುತ್ತಿರುತ್ತದೆ, ಪಿಜಿ ಇನ್ನೊಂದು ಕಡೆ ಡಿಸ್ಚಾರ್ಜ್ ಸಮ್ಮರಿ ಬರೆಯುತ್ತಿರುತ್ತಾರೆ. ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಮೂವತ್ತಾರು ಗಂಟೆ ಡ್ಯೂಟಿ ಮಾಡಿದವರಿಗೆ ಅಧ್ಯಯನಕ್ಕೆ ಎಷ್ಟು ರೋಗಿಗಳು ಬೇಕು ಅನ್ನುವ ಸ್ಯಾಂಪಲ್ ಸೈಜ್ ಲೆಕ್ಕ ತಲೆಗೆ ಹತ್ತುತ್ತದೆಯೇ? ಕಾನ್ಫರೆನ್ಸುಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಚಿಕ್ಕದು. ಸಾವಿರ ಜನ ಸೇರುವ ಕಡೆ ಕ್ರೆಡಿಟ್ ಅವರ್ಸ್ ಸಿಗುತ್ತದೆ, ಹಳೆ ಗೆಳೆಯರು ಸಿಗುತ್ತಾರೆ. ಕಲಿಯಬೇಕು ಅಂತಿದ್ದರೆ ನಿಮ್ಮದೇ ಪ್ರೋಟೊಕಾಲ್ (ಅಧ್ಯಯನ ಹೇಗೆ ಮಾಡುತ್ತೀರಿ ಅನ್ನುವ ಬರಹ) ತೆಗೆದುಕೊಂಡು ಹೋಗಿ, ಅದನ್ನು ಯಾರಾದರೂ ಸಾಲು ಸಾಲಾಗಿ ಓದಿ ತಿದ್ದುವ ಸಣ್ಣ ವರ್ಕ್‌ಶಾಪಿಗೆ ಸೇರಿ. ಡಾಕ್ಟರುಗಳನ್ನು ಸಂಶೋಧಕರನ್ನಾಗಿ ಬೆಳೆಸಲು ಇಂಡಿಯಾ ಅಲಯನ್ಸ್‌ನವರೂ ವರ್ಕ್‌ಶಾಪ್ ನಡೆಸುತ್ತಾರೆ.

ದಯವಿಟ್ಟು ಡೇಟಾ ಎಲ್ಲ ತುಂಬಿದ ಮೇಲೆ ಸ್ಟ್ಯಾಟಿಸ್ಟಿಷಿಯನ್ ಹತ್ತಿರ ಓಡಬೇಡಿ. ಊಟ ಮುಗಿದ ಮೇಲೆ ಸಾರಿಗೆ ಉಪ್ಪು ಹಾಕಿದ ಹಾಗೆ ಅದು. ಎಥಿಕ್ಸ್ ಕಮಿಟಿ ಒಪ್ಪಿಗೆಯೂ ಸಿಟಿಆರ್‌ಐ (ದೇಶದ ಕ್ಲಿನಿಕಲ್ ಟ್ರಯಲ್‌ಗಳ ದಾಖಲೆ ಪಟ್ಟಿ) ನೋಂದಣಿಯೂ ಮೊದಲ ರೋಗಿಯನ್ನು ಸೇರಿಸುವ ಮುಂಚೆಯೇ ಆಗಬೇಕು. ಆರಂಭವಾಗಿಬಿಟ್ಟ ಟ್ರಯಲ್‌ಗಳನ್ನು 2018ರ ಏಪ್ರಿಲ್‌ನಿಂದ ಸಿಟಿಆರ್‌ಐ ತೆಗೆದುಕೊಳ್ಳುವುದಿಲ್ಲ. "ಒಂದು ಸಲ ಅಡ್ಜಸ್ಟ್ ಮಾಡಿ ಮೇಡಂ" ಅನ್ನುವವರಿಗೆ ನನ್ನ ಉತ್ತರ ಆಗಲ್ಲ ಅಂತಲೇ. ಅದು ರೋಗಿಗೆ ಕೊಟ್ಟ ಮಾತು. ಅಡ್ಜಸ್ಟ್ ಮಾಡಲು ನನ್ನ ಸ್ವಂತದ್ದಲ್ಲ.

ಇಷ್ಟು ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಅದನ್ನು ನನ್ನನ್ನು ಯಾರೂ ಕೇಳಿಲ್ಲ. ಕೇಳಬೇಕಾದವರು ಡೀನ್‌ಗಳು, ಪ್ರಿನ್ಸಿಪಾಲರು, ಮ್ಯಾನೇಜ್‌ಮೆಂಟಿನವರು. "ನಮ್ಮ ಡಾಕ್ಟರುಗಳಿಗೆ ಸಂಶೋಧನೆಗೆ ವಾರಕ್ಕೆ ಎಷ್ಟು ಹೊತ್ತು ಬಿಡಬೇಕು?" ಅಂತ.

ಒಬ್ಬ ಅಸಿಸ್ಟೆಂಟ್ ಪ್ರೊಫೆಸರ್ ವಾರ ನೋಡಿ. ಒಪಿಡಿ, ವಾರ್ಡು, ರಾತ್ರಿ ಡ್ಯೂಟಿ, ಎಂಬಿಬಿಎಸ್ ಕ್ಲಾಸು, ಇಂಟರ್ನಲ್ಸ್ ಮೌಲ್ಯಮಾಪನ, ಇನ್ಸ್‌ಪೆಕ್ಷನ್ ಫೈಲು. ಇವರು ಪ್ರೋಟೊಕಾಲ್ ಬರೆಯುವುದು ಮಗು ಮಲಗಿದ ಮೇಲೆ. ಕಷ್ಟಪಟ್ಟು ಗ್ರ್ಯಾಂಟ್ ತಂದರೆ ಅಲ್ಲಿಗೆ ಮುಗಿಯುವುದಿಲ್ಲ. ಪ್ರಾಜೆಕ್ಟ್ ನರ್ಸ್ ನೇಮಕಕ್ಕೆ ಅನುಮತಿ, ರೀಏಜೆಂಟಿಗೆ ಮೂರು ಕೊಟೇಷನ್, ವರ್ಷದ ಕೊನೆಗೆ ಹಣ ಹೇಗೆ ಖರ್ಚಾಯಿತು ಅನ್ನುವ ಯುಟಿಲೈಸೇಷನ್ ಸರ್ಟಿಫಿಕೇಟ್. ಅದನ್ನೆಲ್ಲ ಮಾಡಿಕೊಡಲು ಕಾಲೇಜಿನಲ್ಲಿ ಒಬ್ಬ ಗುಮಾಸ್ತ ಇರುವುದಿಲ್ಲ. ಹಣ ಬಂದ ಮೇಲೆ ಕೈಚೆಲ್ಲಿದ ಒಳ್ಳೊಳ್ಳೆ ಡಾಕ್ಟರುಗಳನ್ನು ನಾನು ಕಂಡಿದ್ದೇನೆ. ಅವರು ಸೋಮಾರಿಗಳಲ್ಲ. ಅವರಿಗೆ ಯಾರೂ ಹೊತ್ತು ಕೊಡಲಿಲ್ಲ.

ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಹಿಮೋಫಿಲಿಯಾ ಎ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಹುಟ್ಟು ಕಾಯಿಲೆ) ಇದ್ದ ಐದು ಜನರಿಗೆ ಜೀನ್ ಥೆರಪಿ (ಸರಿಯಾದ ಜೀನ್ ಸೇರಿಸುವ ಚಿಕಿತ್ಸೆ) ಕೊಟ್ಟ ವರದಿ 2024ರ ಡಿಸೆಂಬರಿನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ನಮ್ಮ ಬೆಂಗಳೂರಿನ ಸಂಶೋಧನಾ ಸಂಸ್ಥೆ ಇನ್‌ಸ್ಟೆಮ್ ಜೊತೆ ಸೇರಿದ ಅಲ್ಲಿನ ಸ್ಟೆಮ್ ಸೆಲ್ ಕೇಂದ್ರದ ಕೆಲಸ ಅದು. ಅದನ್ನು ಓದಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ರೋಗಿಗಳನ್ನು ನೋಡುವ ಡಾಕ್ಟರುಗಳೂ ಲ್ಯಾಬಿನವರೂ ವರ್ಷಗಟ್ಟಲೆ ಒಂದೇ ಕೆಲಸಕ್ಕೆ ಅಂಟಿಕೊಂಡು ಕೂರಲು ಆದದ್ದಕ್ಕೇ ಅದು ಆಯಿತು. ಜಿಲ್ಲಾ ಕಾಲೇಜುಗಳಿಂದ ಅಷ್ಟು ದೊಡ್ಡದನ್ನು ನಾನು ಕೇಳುತ್ತಿಲ್ಲ. ವಾರಕ್ಕೆ ಒಂದು ಮಧ್ಯಾಹ್ನ ಕೊಡಿ. ಆ ಹೊತ್ತಿನಲ್ಲಿ ಅವರನ್ನು ಒಪಿಡಿಗೆ ಕರೆಯಬೇಡಿ, ಫೈಲ್ ಹಿಡಿದು ಓಡಿಸಬೇಡಿ. ಕಾಗದದ ಕೆಲಸಕ್ಕೆ ಒಬ್ಬರನ್ನು ನೇಮಿಸಿ. ಆಮೇಲೆ ಪೇಪರ್ ಎಲ್ಲಿ ಅಂತ ಕೇಳುವ ಹಕ್ಕು ನಿಮಗೆ ಬರುತ್ತದೆ.

ಡಾಕ್ಟರುಗಳೇ, ನನಗೆ ಮೆಸೇಜ್ ಮಾಡುವುದನ್ನು ನಿಲ್ಲಿಸಬೇಡಿ. ಆದರೆ ಒಂದೇ ಒಂದು ಪುಟ ಬರೆದು ಕಳಿಸಿ. ಯಾವ ರೋಗಿಯಲ್ಲಿ ಏನು ಕಂಡಿರಿ, ಯಾಕೆ ಹಾಗಾಯಿತು ಅಂತ ನಿಮಗನಿಸುತ್ತದೆ, ಅಂಥವರು ತಿಂಗಳಿಗೆ ಎಷ್ಟು ಜನ ಬರುತ್ತಾರೆ, ನಿಮಗೆ ಯಾವ ದಿನ ಬಿಡುವಿದೆ. ಕನ್ನಡದಲ್ಲೇ ಬರೆದರೂ ಆಯಿತು. ಕೈಬರಹದ ಫೋಟೋ ಆದರೂ ಸರಿ. ಅದಕ್ಕೆ ಹೊಂದುವ ಗ್ರ್ಯಾಂಟ್ ನಾನು ಹುಡುಕುತ್ತೇನೆ, ಸ್ಟ್ಯಾಟಿಸ್ಟಿಷಿಯನ್ ಹತ್ತಿರವೂ ನಾನೇ ಮಾತಾಡುತ್ತೇನೆ.