ವಿಮಾನಕ್ಕೆ ಬಣ್ಣ ಹೊಡೆಯುವುದರಲ್ಲಿ ಅಂಥದ್ದೇನಿದೆ?

ಬಾಗಲಕೋಟೆಯ ನವನಗರದಲ್ಲಿ ನನ್ನದು ಬೋರ್ಡು, ಗಾಡಿ ಬರೆಯುವ ಅಂಗಡಿ. ಲಾರಿ, ಕಬ್ಬಿನ ಟ್ರೇಲರ್, ನೀರಿನ ಟ್ಯಾಂಕರ್ ಎಲ್ಲಕ್ಕೂ ಬ್ರಷ್ ಹಿಡಿದು ಬರೆಯುತ್ತೇನೆ. ಗೋಡೆಯ ಮೇಲೆ ಅಮೆರಿಕ ಅಧ್ಯಕ್ಷರ ವಿಮಾನದ ದೊಡ್ಡ ಫೋಟೊ ಅಂಟಿಸಿದ್ದೇನೆ. ಬಂದವರೆಲ್ಲ ಅದನ್ನು ನೋಡಿ ಕೇಳುವುದು ಒಂದೇ ಮಾತು: "ಅಲ್ರೀ ಪೇಂಟರ್, ಬಿಳಿ ಬಣ್ಣ ಹೊಡದು ನೀಲಿ ಪಟ್ಟಿ ಎಳದಾರ. ಇದರಾಗ ಅಂಥಾದ್ದೇನೈತ್ರಿ?"

ಮೊದಲು ಆ ವಿಮಾನದ ಮೂತಿಗೆ ಕಿತ್ತಳೆಗೆಂಪು ಬಣ್ಣವಿತ್ತು. ಅದು ವಾಯುಪಡೆಯವರದೇ ವಿನ್ಯಾಸ. ರೇಮಂಡ್ ಲೋವಿ ಎಂಬ ಹೆಸರಾಂತ ವಿನ್ಯಾಸಕಾರರಿಗೆ ಅದು ಕಣ್ಣಿಗೆ ಹೊಡೆಯುವಂತೆ ಕಂಡಿತು. ಅಧ್ಯಕ್ಷ ಕೆನಡಿಯವರ ಕಡೆಯವರಿಗೆ ಹಾಗೇ ಹೇಳಿಬಿಟ್ಟರು. 1962ರಲ್ಲಿ ಆ ಕೆಲಸ ಅವರ ಕೈಗೇ ಬಂತು. ಅಧ್ಯಕ್ಷರ ಕಚೇರಿಯ ನೆಲದ ಮೇಲೆ ಇಬ್ಬರೂ ಕೂತು ಬಣ್ಣದ ಕಾಗದ ಕತ್ತರಿಸಿ ಜೋಡಿಸಿ ನೋಡಿದರಂತೆ. ನನಗೆ ಇದು ತುಂಬಾ ಇಷ್ಟ. ಯಾವ ದೊಡ್ಡ ಕೆಲಸವೂ ಹೀಗೆ ಕತ್ತರಿ ಕಾಗದದಿಂದಲೇ ಶುರು ಅಲ್ವಾ? ಕೆನಡಿ ಒಪ್ಪಿದ ನಕ್ಷೆ ಕೆಂಪು ಬಣ್ಣದ್ದು, ಅದನ್ನೇ ನೀಲಿಯಲ್ಲಿ ಮಾಡಿ ಎಂದರು.

ಆದರೆ ನನ್ನ ಪ್ರಕಾರ ಆ ವಿಮಾನದ ಜೀವ ಇರುವುದು ಬಣ್ಣದಲ್ಲಲ್ಲ, ಅಕ್ಷರಗಳಲ್ಲಿ. ಮೈಮೇಲೆ ಉದ್ದಕ್ಕೂ ದೇಶದ ಹೆಸರು. ಅಕ್ಷರದ ನಡುವೆ ಧಾರಾಳ ಜಾಗ. ರೂಪ ಕ್ಯಾಸ್ಲಾನ್ ಎಂಬ ಹಳೆಯ ಅಚ್ಚಿನದು. 1776ರ ಸ್ವಾತಂತ್ರ್ಯ ಘೋಷಣೆಯ ಅಚ್ಚಾದ ಪ್ರತಿಯ ತಲೆಬರಹ ನೋಡಿ ಲೋವಿ ಅದನ್ನು ಆರಿಸಿದರು. ಒಳಗೆ ಕೂತವರ ಹೆಸರು ಹೊರಗೆಲ್ಲೂ ಇಲ್ಲ. ಅವರು ಬದಲಾಗುತ್ತಾರೆ, ಬರಹ ಹಾಗೇ ಇರುತ್ತದೆ. 1963ರ ನವೆಂಬರ್ 22ರಂದು ಡಲ್ಲಾಸ್‌ನಿಂದ ಕೆನಡಿಯವರ ಶವ ವಾಪಸ್ ಬಂದದ್ದು ಲೋವಿಯ ಇದೇ ಬಣ್ಣ, ಬರಹದ ವಿಮಾನದಲ್ಲಿ.

ನಮ್ಮ ರಾಷ್ಟ್ರಪತಿ, ಪ್ರಧಾನಿ ಓಡಾಡುವ ವಿಮಾನಗಳೂ ಇವೆ. 2020ರಲ್ಲಿ ಬಂದ ಬೋಯಿಂಗ್ 777 ವಿಮಾನಗಳ ಮೇಲೆ ಹಿಂದಿಯಲ್ಲಿ ಭಾರತ, ಇಂಗ್ಲಿಷಿನಲ್ಲಿ ಇಂಡಿಯಾ, ಜೊತೆಗೆ ಅಶೋಕ ಲಾಂಛನ, ಬಾಲದ ಮೇಲೆ ತಿರಂಗಾ.

ಪಟ್ಟಿ ಎಳೆಯುವುದು ಸುಲಭ ಅನ್ನುವವರನ್ನು ನಾನು ಟ್ಯಾಂಕರ್ ಹತ್ತಿರ ಕರೆದೊಯ್ಯುತ್ತೇನೆ. ದಾರಕ್ಕೆ ಸುಣ್ಣದ ಪುಡಿ ಸವರಿ, ಎರಡು ತುದಿ ಬಿಗಿ ಹಿಡಿದು ಚಿಮ್ಮಿಸಿದರೆ ಗೆರೆ ಬೀಳುತ್ತದೆ. ಉದ್ದಕ್ಕೆ ಅದು ನೆಟ್ಟಗೇ ಇರುತ್ತದೆ. ಉಬ್ಬಿದ ಮುಂದಿನ ಮುಚ್ಚಳಕ್ಕೆ ಬಂದಾಗ ಮಾತ್ರ ಗೆರೆ ಬಾಗಿದ ಹಾಗೆ ಕಾಣುತ್ತದೆ. ಅಲ್ಲಿ ದಾರ ಬಿಟ್ಟು ಕಣ್ಣನ್ನೇ ನಂಬಬೇಕು. ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ನೋಡು, ಬಂದು ತಿದ್ದು, ಮತ್ತೆ ಹೋಗು. "ಶ್ರೀ ಬಸವೇಶ್ವರ ಪ್ರಸನ್ನ" ಬರೆಯುವಾಗ ಒತ್ತಕ್ಷರಗಳು ಟ್ಯಾಂಕಿನ ಹೊಟ್ಟೆಯ ಕೆಳಗೆ ಇಳಿದುಬಿಡುತ್ತವೆ. ನಿಂತು ನೋಡಿದವರಿಗೆ ಮೊಟಕಾಗಿ ಕಾಣುತ್ತವೆ. ಅದಕ್ಕೇ ಇಡೀ ಸಾಲನ್ನು ನಾಲ್ಕು ಬೆರಳು ಮೇಲೆ ಎತ್ತಿ ಬರೆಯುತ್ತೇನೆ. ವಿಮಾನದ ಮೂತಿಯೂ ಹೀಗೇ ದುಂಡಗೆ. ಜೊತೆಗೆ ಬಾಗಿಲು, ಕಿಟಕಿ ಸಾಲು ಬೇರೆ. ಲೋವಿಯ ನೀಲಿ ಮೂತಿಯ ಮೇಲೆ ಹೇಗೆ ಸುತ್ತಿಕೊಂಡಿದೆ ನೋಡಿ, ಒಂದು ಕಡೆಯೂ ತುಂಡಾದಂತೆ ಕಾಣುವುದಿಲ್ಲ.

ಬಣ್ಣಕ್ಕೆ ತೂಕವೂ ಇದೆ. ಜಂಬೋ ವಿಮಾನಕ್ಕೆ ಹಚ್ಚುವ ಬಣ್ಣವೇ ನೂರಾರು ಕಿಲೋ ತೂಗುತ್ತದೆ. ಬಾಲದ ಚುಕ್ಕಾಣಿಗೆ ಹೊಸ ಬಣ್ಣ ಬಿದ್ದರೆ ಅದರ ತೂಕದ ಸಮತೋಲ ಮತ್ತೆ ನೋಡಬೇಕು. ಗಾಳಿಯ ಒತ್ತಡ ಅಳೆಯುವ ಸಣ್ಣ ತೂತುಗಳ ಮೇಲೆ ಬಣ್ಣ ಕೂರಲೇಬಾರದು.

ಇನ್ನು ಬಿಸಿ. ಹೊಸ ಅಧ್ಯಕ್ಷೀಯ ವಿಮಾನಗಳಿಗೆ ಕಡುನೀಲಿ, ಕೆಂಪು ಇರಲಿ ಎಂದು ಟ್ರಂಪ್ ಬಯಸಿದ್ದರು. ಕಡುನೀಲಿಯಿಂದ ಬಿಸಿ ಜಾಸ್ತಿಯಾಗಿ ಕೆಲವು ಬಿಡಿಭಾಗಗಳನ್ನು ಮತ್ತೆ ಪರೀಕ್ಷಿಸಬೇಕಾಗುತ್ತದೆ ಎಂದು 2022ರಲ್ಲಿ ವಾಯುಪಡೆ ಹೇಳಿತು. ಏಪ್ರಿಲ್ ಮಧ್ಯಾಹ್ನ ಕರಿ ಸಿಂಟೆಕ್ಸ್‌ನ ನಲ್ಲಿ ತಿರುಗಿಸಿ ಕೈ ಸುಟ್ಟುಕೊಂಡ ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನ ಸಲ ಅಂಗಡಿಗೆ ಬಂದಾಗ ಕೇಳಿ, ದಾರದ ಒಂದು ತುದಿ ನಿಮ್ಮ ಕೈಗೇ ಕೊಡುತ್ತೇನೆ.